ಕೋಳಿ ಶೆಡ್ಡಿನ ವಿಮಾನ

ಕಳೆದ ವಾರ ಗುರುವಾಯನಕೆರೆಯಲ್ಲಿ ನಮ್ಮ ಅಂಗಡಿಯ ಎದುರು ಒಂದು ಕಾರು ಕುದಿದು ನಿಂತಿತು. ಬಾನೆಟ್ಟಿನ ಸಂದಿನಿಂದ ಹಬೆ ಏಳುತ್ತಿತ್ತು. ಇಂಥ ಹೊತ್ತಿನಲ್ಲಿ ನಮ್ಮ ಪೇಟೆಯಲ್ಲಿ ಸಲಹೆಗೆ ಬರವಿಲ್ಲ. ಬಸ್ಸಿಗೆ ಕಾಯುತ್ತಿದ್ದವರು, ಜ್ಯೂಸ್ ಅಂಗಡಿಯವರು, ರಿಕ್ಷಾದವರು ಎಲ್ಲ ಸುತ್ತ ನೆರೆದು, ಅರ್ಧ ಜನ ಮುಚ್ಚಳ ತೆಗೆಯಿರಿ ಎಂದೂ ಉಳಿದರ್ಧ ಜನ ತೆಗೆಯಬೇಡಿ ಎಂದೂ ಕೂಗುತ್ತಿದ್ದರು. ನಾನು ಕೌಂಟರಿನ ಹಿಂದೆ ಅಡಿಕೆಗೆ ಮದ್ದು ಬಿಡುವ ಪಂಪಿಗೆ ಹೊಂದುವ ಒಂದು ವಾಶರ್ ಹುಡುಕುತ್ತಿದ್ದೆ. ಅಷ್ಟರಲ್ಲಿ ಆ ವಾಸನೆ ಒಳಗೆ ಬಂತು. ರೇಡಿಯೇಟರಿನಿಂದ ಉಕ್ಕಿದ ಬಿಸಿ ಕೂಲೆಂಟಿನ ವಾಸನೆ ಅದು. ಗೊತ್ತಿಲ್ಲದವರಿಗೆ ಹತ್ತಿರದಲ್ಲಿ ಯಾರೋ ಬೆಲ್ಲ ಕಾಯಿಸುತ್ತಿದ್ದಾರೆ ಎನಿಸಬೇಕು, ಅಂಥ ಸಿಹಿ. ನನಗೆ ಮಾತ್ರ ಆ ಸಿಹಿಯ ಜೊತೆಗೇ ಶಿರ್ತಾಡಿಯ ಪದವು, ಒದ್ದೆ ಹುಲ್ಲು, ಅಕ್ಕನ ಹಸಿರು ಸೀರೆ ಎಲ್ಲ ಬಂದವು. ವಾಶರ್ ಸಿಕ್ಕಿದ ಮೇಲೂ ಗಿರಾಕಿಗೆ ಕೊಡಲು ಮರೆತು ನಿಂತಿದ್ದೆ.

ಅದು ಕೆಲವು ವರ್ಷಗಳ ಹಿಂದಿನ ಮಾತು. ಮಳೆ ಹಿಂದೆ ಸರಿದು ಚಳಿ ಇನ್ನೂ ಬಾರದ, ಎರಡು ತಿಂಗಳ ಒಂದು ಸಣ್ಣ ಕಾಲ.

ನನ್ನ ಅಕ್ಕ ವನಜ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಅವಳ ಗಂಡ ಶ್ರೀಧರ ಭಾವ ಹಡಗಿನ ಎಂಜಿನಿಯರ್. ವರ್ಷದಲ್ಲಿ ಮುಕ್ಕಾಲು ಪಾಲು ನೀರಿನ ಮೇಲೆ, ಉಳಿದದ್ದು ಶಿರ್ತಾಡಿಯ ಮನೆಯಲ್ಲಿ. ಹೀಗೇ ಮೂವತ್ತು ವರ್ಷ ಸಂಸಾರ ಮಾಡಿದರು. ನಿವೃತ್ತರಾಗಿ ಬಂದ ಭಾವ ರಬ್ಬರ್ ಹಾಕಿಯಾರು, ಇಲ್ಲವಾದರೆ ಊರಿನ ಯಾವುದಾದರೂ ಸಮಿತಿಗೆ ಅಧ್ಯಕ್ಷರಾದಾರು ಎಂದು ಎಲ್ಲರೂ ಎಣಿಸಿದ್ದರು. ಅವರು ತಂದದ್ದು ವಿಮಾನ. ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರುವಷ್ಟೇ ಜಾಗವಿದ್ದ ಪುಟ್ಟ ವಿಮಾನ. ಉತ್ತರದ ಕಡೆಯ ಒಂದು ಹಾರಾಟದ ಕ್ಲಬ್ಬಿನವರು ಉಪಯೋಗಿಸಿ ಮಾರಿದ್ದು. ರೆಕ್ಕೆ ಬಿಚ್ಚಿ, ಲಾರಿಯಲ್ಲಿ ಮಲಗಿಸಿ, ಟಾರ್ಪಾಲು ಹೊದೆಸಿ ತಂದರು. ಲಾರಿ ಮೂಡುಬಿದಿರೆ ಪೇಟೆ ದಾಟುವಾಗ, ಯಾವುದೋ ಶಾಲೆಯ ಮೆರವಣಿಗೆಗೆ ಸ್ತಬ್ಧಚಿತ್ರ ಹೋಗುತ್ತಿದೆ ಎಂದು ಜನ ದಾರಿ ಬಿಟ್ಟರಂತೆ.

ಅದನ್ನು ಇಟ್ಟದ್ದು ಪದವಿನ ಅಂಚಿನಲ್ಲಿದ್ದ ಕೋಳಿ ಶೆಡ್ಡಿನಲ್ಲಿ. ನಮ್ಮ ಕಡೆ ಗುಡ್ಡದ ನೆತ್ತಿ ಚಪ್ಪಟೆಯಾಗಿ, ಕೆಂಪು ಮುರಕಲ್ಲು ಹಾಸಿದಂತೆ ಇದ್ದರೆ ಅದಕ್ಕೆ ಪದವು ಎನ್ನುತ್ತೇವೆ. ಭಾವನ ಮನೆಯವರದೇ ಒಂದು ಪದವು ಇತ್ತು. ಅಲ್ಲಿ ಅವರ ತಮ್ಮ ಕೋಳಿ ಸಾಕಿ, ಕೈ ಸುಟ್ಟುಕೊಂಡು, ಉದ್ದನೆಯ ಶೆಡ್ಡನ್ನು ಹಾಗೇ ಬಿಟ್ಟು ಹೋಗಿದ್ದರು. ರೆಕ್ಕೆಯಿದ್ದೂ ಹಾರದವುಗಳ ಮನೆಗೆ ಹೀಗೆ ಒಂದು ಹಾರುವಂಥದ್ದು ಬಂತು. ಎಷ್ಟು ತೊಳೆದರೂ ಕೋಳಿಯ ವಾಸನೆ ಮಾತ್ರ ಹೋಗಲಿಲ್ಲ. ಭಾವ ರಜೆಯ ದಿನಗಳಲ್ಲೇ ಹಾರಾಟ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದರು. ಪದವಿನಿಂದ ಏರಲು ಇಳಿಯಲು ಬೇಕಾದ ಒಪ್ಪಿಗೆಗಳಿಗಾಗಿ ಅವರು ಕಚೇರಿಯಿಂದ ಕಚೇರಿಗೆ ಅಲೆದ ಕತೆ ಬೇರೆಯೇ ಉಂಟು. ಹೇಳಹೊರಟರೆ ನನಗೂ ಬೇಸರ, ನಿಮಗೂ ಬೇಸರ.

ನನ್ನನ್ನು ಅವರು ಕರೆದದ್ದು ಹೋಸ್ ಬಿಗಿಯುವ ಒಂದು ಕ್ಲಿಪ್ಪಿಗಾಗಿ. ನನ್ನ ಅಂಗಡಿಯಲ್ಲಿ ಸಿಗುವುದು ನೀರಿನ ಪಂಪು, ಹುಲ್ಲು ಕತ್ತರಿಸುವ ಯಂತ್ರ, ಅವುಗಳ ಬಿಡಿಭಾಗ. ನಾನು ಕ್ಲಿಪ್ಪು ತೆಗೆದುಕೊಂಡು ಹೋದೆ. ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿ, ಇದು ವಿಮಾನಕ್ಕಾಗುವುದಿಲ್ಲ, ಆದರೆ ನೀನು ಬಂದದ್ದು ಒಳ್ಳೆಯದಾಯಿತು, ಈ ಟಾರ್ಚು ಹಿಡಿ ಎಂದರು. ಆ ಟಾರ್ಚು ಹಿಡಿದವನು ಮತ್ತೆ ಪ್ರತಿ ಭಾನುವಾರ ಅಲ್ಲೇ ಇದ್ದೆ.

ಎಂಜಿನ್ ನೋಡಲು ಚೆಂದವಿತ್ತು. ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿದ್ದವು. ಹೆಚ್ಚಿನ ಸಣ್ಣ ವಿಮಾನಗಳ ಎಂಜಿನನ್ನು ತಣ್ಣಗಿಡುವುದು ಬರೀ ಗಾಳಿ. ಇದರಲ್ಲಿ ಹಾಗಲ್ಲ. ಸಿಲಿಂಡರಿನ ತಲೆಗಳ ಒಳಗೆ ನೀರು ಮತ್ತು ಕೂಲೆಂಟಿನ ಮಿಶ್ರಣ ಓಡುತ್ತಿತ್ತು. ಅಲ್ಲಿ ಬಿಸಿಯಾದದ್ದು ಕೊಳವೆಗಳಲ್ಲಿ ಕೆಳಗಿಳಿದು, ಮೂತಿಯ ಅಡಿಯಲ್ಲಿದ್ದ ರೇಡಿಯೇಟರಿನಲ್ಲಿ ತಣಿದು ಹಿಂದೆ ಬರುತ್ತಿತ್ತು. ರೇಡಿಯೇಟರಿಗೆ ಗಾಳಿ ಹೋಗಲು ಮೂತಿಯ ಕೆಳಗೆ ಒಂದು ಬಾಯಿ. ಆ ಬಾಯಿಯಿಂದ ಒಳಗೆ ಒಂದು ತಿರುವು, ತಿರುವಿನ ಆಚೆ ರೇಡಿಯೇಟರು. ಭಾವ ಇದನ್ನೆಲ್ಲ ನನಗೆ ವಿವರಿಸುವಾಗ ಅವರ ಮುಖದಲ್ಲಿ ಹೊಸ ಸೊಸೆಯನ್ನು ಪರಿಚಯಿಸುವ ಸಂಭ್ರಮ ಇರುತ್ತಿತ್ತು.

ಇದನ್ನು ಒಪ್ಪದವರು ಒಬ್ಬರಿದ್ದರು. ನಮ್ಮ ಚಿಕ್ಕಪ್ಪ. ತೋಡಾರಿನವರು, ವಾಯುಸೇನೆಯಲ್ಲಿ ವಿಮಾನಗಳ ಎಂಜಿನ್ ಬಿಚ್ಚಿ ಕಟ್ಟಿದವರು. ಭಾನುವಾರ ಇಸ್ತ್ರಿ ಹಾಕಿದ ಪ್ಯಾಂಟು, ಪಾಲಿಶ್ ಮಾಡಿದ ಶೂ ಹಾಕಿಕೊಂಡು ಸ್ಕೂಟರಿನಲ್ಲಿ ಬಂದು, ಮಡಚುವ ಕುರ್ಚಿ ಬಿಡಿಸಿ ಕೂತು, ತಪ್ಪು ಹುಡುಕುವುದು ಅವರ ಕೆಲಸ.

"ನೀರು ಕೆಳಗೆ ಇರ್ಲಿಕ್ಕೆ ದೇವರು ಮಾಡಿದ್ದು ಮಾರಾಯ್ರೇ," ಎನ್ನುತ್ತಿದ್ದರು. "ಅದನ್ನು ಮೇಲೆ ತೆಗೊಂಡು ಹೋಗ್ಲಿಕ್ಕೆ ಮೋಡ ಉಂಟಲ್ಲ, ನೀವು ಯಾಕೆ? ಹೋಸು, ಕ್ಲಿಪ್ಪು, ಪಂಪು, ಬಾಟ್ಲಿ. ಒಂದು ಕಡೆ ಸೋರಿದರೆ ಮುಗೀತು. ಗಾಳಿಯ ಎಂಜಿನಿನಲ್ಲಿ ಸೋರ್ಲಿಕ್ಕೆ ಎಂತ ಉಂಟು? ಗಾಳಿ ಸೋರಿ ಕೆಟ್ಟದ್ದು ನಾನು ನೋಡ್ಲಿಲ್ಲ."

"ನಿಮ್ಮ ಸ್ಕೂಟರಿನ ಟಯರಿಗೆ ಕೇಳಿ ಮಾವ," ಎಂದರು ಭಾವ, ಕೆಲಸದಿಂದ ತಲೆ ಎತ್ತದೆ. "ಮೂವತ್ತು ವರ್ಷ ಸಮುದ್ರದ ಮಧ್ಯೆ ನನ್ನನ್ನು ಕಾಪಾಡಿದ್ದು ನೀರಿನ ಎಂಜಿನೇ. ಏರುವಾಗ, ಇಳಿಯುವಾಗ, ಬಿಸಿಲಿನಲ್ಲಿ, ಮೋಡದಲ್ಲಿ ಅದು ಒಂದೇ ಹದದಲ್ಲಿ ಇರ್ತದೆ. ನಿಮ್ಮ ಗಾಳಿಯದ್ದು ಏರುವಾಗ ಬೇಯ್ತದೆ, ಇಳಿಯುವಾಗ ನಡುಗ್ತದೆ."

ಈ ವಾದ ಆಷಾಢದಲ್ಲಿ ಶುರುವಾಗಿ ನವರಾತ್ರಿಯವರೆಗೂ ನಡೆಯಿತು. ಇಬ್ಬರಲ್ಲಿ ಯಾರೂ ಸೋಲಲಿಲ್ಲ, ಇಬ್ಬರಿಗೂ ಅದು ಬೇಕಾಗಿತ್ತು. ಶೆಡ್ಡಿನ ತಗಡಿನ ಮೇಲೆ ಮಳೆ ಬೀಳುವಾಗ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಆಗಲೂ ಇಬ್ಬರೂ ನಿಲ್ಲಿಸುತ್ತಿರಲಿಲ್ಲ.

ಅಕ್ಕ ಇದರಲ್ಲಿ ಯಾವ ಪಕ್ಷವನ್ನೂ ಹಿಡಿಯಲಿಲ್ಲ. ಅವಳದು ಒಂದೇ ಷರತ್ತು. ಲಾರಿ ಬಂದ ದಿನವೇ ಹೇಳಿಬಿಟ್ಟಿದ್ದಳು.

"ಮೂವತ್ತು ವರ್ಷ ನೀವು ನೀರಿನ ಮೇಲೆ ಹೋದಿರಿ, ನಾನು ದಡದಲ್ಲಿ ಕೂತೆ. ಗಾಳಿ ಬೀಸಿದರೆ ನಿಮ್ಮ ಹಡಗು ಎಲ್ಲಿ ಉಂಟೋ ಅಂತ ಎಣಿಸುವುದು, ಫೋನು ಬಾರದಿದ್ದರೆ ಎಂತಾಯ್ತೋ ಅಂತ ಎಣಿಸುವುದು. ಅಷ್ಟು ಸಾಕು ನನಗೆ. ಇನ್ನು ನೀವು ಮೇಲೆ ಹೋಗುವುದಾದರೆ ನಾನೂ ಬರ್ತೇನೆ. ಪರೀಕ್ಷೆಗೆ ಅಂತ ಪದವಿನ ಮೇಲೆ ನಾಲ್ಕು ಸುತ್ತು ಒಬ್ಬರೇ ಹೋಗಿ, ಬೇಡ ಹೇಳುವುದಿಲ್ಲ. ಆಮೇಲಿನ ಮೊದಲನೇ ಪ್ರಯಾಣ ನನ್ನ ಜೊತೆ. ಅದು ಸರಿಯಾಗಿ ಆದರೆ ಇಟ್ಟುಕೊಳ್ಳುವ. ಆಗದಿದ್ದರೆ ಕೊಡುವ. ಮತ್ತೆ ಒಂದು ಮಾತು ಬೇಡ."

ಭಾವ ಒಪ್ಪಿದರು. ಒಪ್ಪದೆ ಉಪಾಯವಿರಲಿಲ್ಲ. ವನಜ ಟೀಚರ್ ಒಮ್ಮೆ ಬೋರ್ಡಿನ ಮೇಲೆ ಬರೆದದ್ದನ್ನು ಒರೆಸುವವಳಲ್ಲ ಎಂದು ಅವಳ ಶಾಲೆಯ ಮಕ್ಕಳಿಗೂ ಗೊತ್ತಿತ್ತು.

ಮಳೆ ಬಿಡುತ್ತಾ ಬಂತು. ಪದವಿನ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಅಂಗಡಿಯಿಂದ ಎರಡು ಹುಲ್ಲು ಕತ್ತರಿಸುವ ಯಂತ್ರ ಒಯ್ದು ನಾನೇ ನಿಂತು ಉದ್ದಕ್ಕೂ ಕತ್ತರಿಸಿ ಹಾಕಿಸಿದೆ. ಕಲ್ಲಿನ ಕುಳಿಗಳಲ್ಲಿ ನಿಂತ ನೀರನ್ನು ಬಾಲ್ದಿಯಲ್ಲಿ ಎತ್ತಿ ಚೆಲ್ಲಿ, ಜಲ್ಲಿಪುಡಿ ತುಂಬಿ ಹೊಡೆದು ಗಟ್ಟಿ ಮಾಡಿದೆವು. ಒಂದು ತಿಳಿಯಾದ ಬೆಳಿಗ್ಗೆ ಭಾವ ಒಬ್ಬರೇ ಏರಿದರು. ವಿಮಾನ ಹುಲ್ಲಿನ ಮೇಲೆ ಕುಪ್ಪಳಿಸುತ್ತಾ ಹೋಗಿ, ಪದವು ಮುಗಿಯುವ ಮೊದಲೇ ಸುಲಭವಾಗಿ ನೆಲ ಬಿಟ್ಟಿತು. ನನಗೆ ಯಾಕೋ ನಗು ಬಂತು. ಚಿಕ್ಕಪ್ಪ ಕುರ್ಚಿಯಿಂದ ಎದ್ದು ನಿಂತಿದ್ದರು, ಅವರಿಗೇ ತಿಳಿಯದ ಹಾಗೆ ಕೈಗಳು ಅಟೆನ್ಷನ್ನಿನಲ್ಲಿದ್ದವು. ಆ ವಾರ ಭಾವ ಹಾಗೆ ಕೆಲವು ಸಲ ಸುತ್ತು ಬಂದರು.

"ಸೂಜಿ ಮೊಳೆ ಹೊಡೆದ ಹಾಗೆ ನಿಂತಿತ್ತು," ಎಂದರು ಇಳಿದ ಮೇಲೆ, ಕೂಲೆಂಟಿನ ಬಿಸಿ ತೋರಿಸುವ ಗಡಿಯಾರವನ್ನು ತೋರಿಸುತ್ತಾ. ಹೇಳಿದ್ದು ನನಗೆ, ಕೇಳಿಸಬೇಕಾದದ್ದು ಚಿಕ್ಕಪ್ಪನಿಗೆ.

"ಇವತ್ತು ನಿಂತಿತು," ಎಂದರು ಚಿಕ್ಕಪ್ಪ.

ಅಕ್ಕನ ಪ್ರಯಾಣಕ್ಕೆ ವಿಜಯದಶಮಿ ಗೊತ್ತಾಯಿತು. ಬೇರೆ ದಿನವನ್ನು ಅವಳು ಒಪ್ಪುತ್ತಲೂ ಇರಲಿಲ್ಲ. ಹಿಂದಿನ ದಿನ ಆಯುಧಪೂಜೆ. ನಮ್ಮಲ್ಲಿ ಆ ದಿನ ಚಕ್ರ ಇರುವುದಕ್ಕೆ, ಹಲ್ಲು ಇರುವುದಕ್ಕೆ, ಸದ್ದು ಮಾಡುವುದಕ್ಕೆ ಎಲ್ಲಕ್ಕೂ ಪೂಜೆ ಉಂಟು. ಟಿಲ್ಲರ್, ಬೈಕು, ಹೊಲಿಗೆ ಯಂತ್ರ, ತೆಂಗಿನಕಾಯಿ ಸುಲಿಯುವ ಕಬ್ಬಿಣ ಎಲ್ಲ ಸಾಲಾಗಿ ಕುಂಕುಮ ಹಚ್ಚಿಸಿಕೊಳ್ಳುತ್ತವೆ. ವಿಮಾನವನ್ನು ಬಿಡುವುದು ಹೇಗೆ?

ಅಕ್ಕ ಆ ದಿನಕ್ಕೆಂದು ಹಿಂಗಾರ ತರಿಸಿದ್ದಳು. ಹಿಂಗಾರವೆಂದರೆ ಅಡಿಕೆಯ ಹೂಗೊನೆ. ಅಕ್ಕಿಯಂತೆ ಸಣ್ಣ, ದಂತದ ಬಣ್ಣದ ಹೂಗಳು ಎಳೆ ಎಳೆಯಾಗಿ ತುಂಬಿರುತ್ತವೆ. ನಾಗನಿಗೆ, ದೈವಕ್ಕೆ, ಮದುವೆಗೆ ಯಾವುದಕ್ಕೂ ಅದಿಲ್ಲದೆ ನಮಗೆ ಸಮಾಧಾನವಿಲ್ಲ. ಆ ಕಾಲದಲ್ಲಿ ಅದು ಸುಲಭಕ್ಕೆ ಸಿಗುವಂಥದ್ದೂ ಅಲ್ಲ. ನಾಲ್ಕು ಕಡೆ ಫೋನು ಮಾಡಿ, ಶಿರ್ತಾಡಿಯಲ್ಲಿ ಸಿಗದೆ, ಬೆಳ್ತಂಗಡಿ ಕಡೆಯ ಒಬ್ಬ ಹಳೆಯ ಶಿಷ್ಯನಿಂದ ಬಸ್ಸಿನಲ್ಲಿ ಕಳುಹಿಸಿಕೊಂಡಿದ್ದಳು. ಇಷ್ಟು ಕಷ್ಟದಿಂದ ಬಂದದ್ದರಲ್ಲಿ ಒಂದು ಎಸಳನ್ನೂ ಹಾಳು ಮಾಡಬಾರದೆಂಬುದು ಅವಳ ಲೆಕ್ಕ. ಪ್ರೊಪೆಲ್ಲರಿಗೆ ಹಾರ ಹಾಕಿದಳು, ಚಕ್ರಗಳ ಅಡಿಯಲ್ಲಿ ಲಿಂಬೆಹಣ್ಣು ಇಟ್ಟಳು, ಆರತಿ ಎತ್ತಿದಳು. ಬಸ್ಸಿನ ಮುಂದಿನ ಜಾಲರಿಗೆ, ಜೀಪಿನ ಬಂಪರಿಗೆ ಹಿಂಗಾರ ಸಿಕ್ಕಿಸುವುದು ನಾವೆಲ್ಲ ನೋಡಿಯೇ ಬೆಳೆದದ್ದು. ಈ ವಿಮಾನಕ್ಕೆ ಸಿಕ್ಕಿಸಲು ಇದ್ದ ಜಾಗ ಒಂದೇ, ಮೂತಿಯ ಕೆಳಗಿನ ಆ ಬಾಯಿ. ಅಲ್ಲೊಂದು ಗೊಂಚಲು ಇಟ್ಟದ್ದನ್ನು ನಾವೆಲ್ಲ ನೋಡಿದೆವು. ಉಳಿದದ್ದನ್ನು ಎಳೆಗಳಿಂದ ಬಿಡಿಸಿ, ಎರಡು ಮುಷ್ಟಿ ಅದೇ ಬಾಯಿಯೊಳಗೆ, ಮಗುವಿಗೆ ಉಣ್ಣಿಸುವಂತೆ, ಉದುರದ ಹಾಗೆ ಆಳಕ್ಕೆ ತಳ್ಳಿದ್ದನ್ನು ಯಾರೂ ನೋಡಲಿಲ್ಲ. ನಾವಾಗಲೇ ಅವಲಕ್ಕಿ ಪ್ರಸಾದದ ಕಡೆಗೆ ತಿರುಗಿದ್ದೆವು.

ಮರುದಿನ ಬೆಳಿಗ್ಗೆ ಮಂಜು ಎದ್ದು ಹೋಗುವುದು ತಡವಾಯಿತು. ಅಕ್ಕ ಹೇಳಿದ್ದ ಮುಹೂರ್ತ ಹತ್ತಿರ ಬಂದಿತ್ತು. ಭಾವ ಹಾರ ತೆಗೆದರು, ಲಿಂಬೆ ತೆಗೆದರು, ಬಾಯಿಯಲ್ಲಿ ಕಾಣುತ್ತಿದ್ದ ಗೊಂಚಲನ್ನೂ ಎಳೆದು ತೆಗೆದರು. ಬಗ್ಗಿ ಟಾರ್ಚು ಬಿಟ್ಟು ನೋಡಿದರು. ತಿರುವಿನವರೆಗೆ ಖಾಲಿಯಿತ್ತು. ತಿರುವಿನ ಆಚೆ ನೋಡಬೇಕಾದರೆ ಎಂಜಿನಿನ ಮೇಲಿನ ಹೊದಿಕೆ ಬಿಚ್ಚಬೇಕು.

"ಹೊತ್ತು ಮೀರ್ತದೆ," ಎಂದಳು ಅಕ್ಕ. ಹಸಿರು ಸೀರೆ ಉಟ್ಟು, ಸೆರಗು ಬಿಗಿದು ಸಿಕ್ಕಿಸಿ, ಕಾಲಿಗೆ ದೂರದ ಊರಿನಲ್ಲಿರುವ ಮಗಳ ಕ್ಯಾನ್ವಾಸ್ ಶೂ ಹಾಕಿದ್ದಳು.

ಏರಿದರು. ನಾನು ಬೆಂಕಿ ಆರಿಸುವ ಸಿಲಿಂಡರ್ ಪಕ್ಕಕ್ಕಿಟ್ಟುಕೊಂಡು, ಕೈಯಲ್ಲಿ ಹಿಡಿಯುವ ರೇಡಿಯೋ ಕಿವಿಗಿಟ್ಟುಕೊಂಡು ನಿಂತಿದ್ದೆ. ವಿಮಾನ ಶಿರ್ತಾಡಿಯ ಕಡೆಗೆ ತಿರುಗಿ, ಏರುತ್ತಾ ಏರುತ್ತಾ ಸಣ್ಣದಾಯಿತು. ಚಿಕ್ಕಪ್ಪ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡುತ್ತಿದ್ದರು. ಆಗ ರೇಡಿಯೋದಲ್ಲಿ ಭಾವನ ದನಿ ಬಂತು, ದಿನಸಿ ಚೀಟಿ ಓದಿದ ಹಾಗೆ, ಏರಿಳಿತವಿಲ್ಲದೆ.

"ಗಣೇಶ, ವಾಪಸ್ ಬರ್ತೇವೆ. ಸೂಜಿ ಹತ್ತುತ್ತಾ ಉಂಟು. ಪದವಿನಲ್ಲಿ ಯಾರೂ ಅಡ್ಡ ಬಾರದ ಹಾಗೆ ನೋಡು."

ಪದವಿನಲ್ಲಿ ಒಂದು ದನವಿತ್ತು. ಅದನ್ನು ಓಡಿಸುತ್ತಾ ನಾನು ಓಡಿದೆ. ಹಿಂದೆ ತಿರುಗಿ ನೋಡಿದಾಗ ವಿಮಾನ ನಮ್ಮ ಕಡೆಗೆ ಮೂತಿ ತಗ್ಗಿಸಿತ್ತು. ಎಂಜಿನಿನ ಸದ್ದು ಕಡಿಮೆಯಾಗುತ್ತಾ ಬಂದು, ಆಮೇಲೆ ಹೊಲಿಗೆ ಯಂತ್ರದಷ್ಟಾಯಿತು. ಹೆದರಿದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಒಬ್ಬಳೇ ಅಕ್ಕ ನನಗೆ.

ವಿಮಾನ ಪದವಿನ ಅಂಚನ್ನು ದಾಟಿ, ಒಮ್ಮೆ ಜೋರಾಗಿ ಕುಪ್ಪಳಿಸಿ, ಕತ್ತರಿಸಿದ ಹುಲ್ಲನ್ನೂ ಮೀರಿ ಹೋಗಿ ನಿಂತಿತು. ಮೂತಿಯಿಂದ ಹಬೆ. ನಾನು ಹತ್ತಿರ ಓಡಿದಾಗ ಮೂಗಿಗೆ ಹೊಡೆದದ್ದು ಆ ಬೆಲ್ಲದ ವಾಸನೆ.

ಅಕ್ಕ ತಾನೇ ಬಾಗಿಲು ತೆರೆದು ಇಳಿದಳು, ನಾಲ್ಕು ಹೆಜ್ಜೆ ನಡೆದು ಮುರಕಲ್ಲಿನ ಮೇಲೆ ಕೂತುಬಿಟ್ಟಳು. ಮುಖದಲ್ಲಿ ರಕ್ತವಿರಲಿಲ್ಲ.

"ಬೆಲ್ಲದ ವಾಸನೆ ಬರ್ತದಲ್ಲ ಅಂತ ಕೇಳಿದೆ," ಎಂದಳು ನನಗೆ. "ಹೌದು, ಇಳಿಯುವ ಅಂದರು. ಅಷ್ಟೇ."

ಚಿಕ್ಕಪ್ಪ ಅವಳನ್ನು ಎಬ್ಬಿಸಿ, ಫ್ಲಾಸ್ಕಿನ ಚಾ ಕುಡಿಸಲು ಶೆಡ್ಡಿಗೆ ಕರೆದುಕೊಂಡು ಹೋದರು. ಎಂಜಿನ್ ತಣಿದ ಮೇಲೆ ಭಾವ, ನಾನು ಸೇರಿ ಹೊದಿಕೆ ಬಿಚ್ಚಿದೆವು. ಹೋಸುಗಳೆಲ್ಲ ಸರಿಯಿದ್ದವು. ಕ್ಲಿಪ್ಪುಗಳು ಸರಿಯಿದ್ದವು. ಪಂಪು ಸರಿಯಿತ್ತು. ರೇಡಿಯೇಟರಿನ ಮುಖವೇ ಕಾಣಲಿಲ್ಲ. ಅದರ ತೆಳ್ಳಗಿನ ತಗಡುಗಳ ಮೇಲೆ, ಸಂದುಗಳ ಒಳಗೆ, ಹಿಂಗಾರ ಕಾಳುಕಾಳಾಗಿ ಬಡಿದು ಅಂಟಿಕೊಂಡಿತ್ತು. ಅರ್ಧ ಬೆಂದು ಕಂದಾಗಿತ್ತು. ಗಾಳಿ ಹೋಗಲು ಬೆರಳಗಲ ಜಾಗ ಉಳಿದಿರಲಿಲ್ಲ.

ನಾವಿಬ್ಬರೂ ಅದನ್ನು ನೋಡುತ್ತಾ ನಿಂತೆವು. ಭಾವ ಉಗುರಿನಿಂದ ಒಂದೊಂದೇ ಕೆರೆದು ತೆಗೆಯತೊಡಗಿದರು. ನೆಲಕ್ಕೆ ಹಾಕಲಿಲ್ಲ. ಪೂಜೆಯ ಹೂವನ್ನು ತುಳಿಯುವ ಜಾಗದಲ್ಲಿ ಹಾಕುವ ಅಭ್ಯಾಸ ಅವರಿಗೂ ಇರಲಿಲ್ಲ. ಎಲ್ಲವನ್ನೂ ಅಂಗಿಯ ಜೇಬಿಗೆ ಹಾಕಿಕೊಂಡರು.

"ಗಣೇಶ, ಇದನ್ನು ನೀನು ನೋಡ್ಲಿಲ್ಲ," ಎಂದರು.

"ಎಂಜಿನಿನ ತಪ್ಪಲ್ಲ ಅಂತ ಹೇಳಿದರೆ ವಿಮಾನ ಉಳೀತದೆ ಭಾವ," ಎಂದೆ.

"ಹೇಳಿದರೆ ಅವಳು ಉಳಿಯುವುದಿಲ್ಲ ಮಾರಾಯ. ದೇವರಿಗೆ ಇಟ್ಟ ಹೂವಿನಿಂದ ನಾವಿಬ್ಬರೂ ಸಾಯ್ತಿದ್ದೆವು ಅಂತ ದಿನಾ ಎಣಿಸ್ತಾಳೆ. ಮೂವತ್ತು ವರ್ಷ ಎಣಿಸಿದ್ದು ಸಾಲದಾ ಅವಳಿಗೆ?"

ಕೈ ಒರೆಸಿಕೊಂಡು ಶೆಡ್ಡಿನ ಕಡೆ ನಡೆದರು. ನಾನು ಹಿಂದಿನಿಂದ ಹೋದೆ. ಒಳಗೆ ಅಕ್ಕ ಚಾ ಲೋಟ ಹಿಡಿದು ಕೂತಿದ್ದಳು. ಭಾವ ಚಿಕ್ಕಪ್ಪನ ಎದುರು ನಿಂತರು.

"ನೀವು ಹೇಳಿದ್ದೇ ಸರಿ ಮಾವ. ಥರ್ಮೋಸ್ಟಾಟು ಕೈ ಕೊಟ್ಟಿತು. ನೀರನ್ನು ಮೇಲೆ ತೆಗೊಂಡು ಹೋಗಬಾರದು."

ಒಂದಿಡೀ ಮಳೆಗಾಲ ಗೆಲ್ಲಲು ಕಾದವರು ಚಿಕ್ಕಪ್ಪ. ಗೆದ್ದಾಗ ಶೂವಿನ ತುದಿ ನೋಡಿಕೊಂಡರು. ಭಾವ ಯಾವ ಎಂಜಿನಿನ ಬಗ್ಗೆಯೂ ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಚಿಕ್ಕಪ್ಪನ ಸಂಕೋಚವೂ ಹೆಚ್ಚು ದಿನ ಉಳಿಯಲಿಲ್ಲ ಎನ್ನಿ. ಇಂದಿಗೂ ಮದುವೆ ಮನೆಗಳಲ್ಲಿ ನೀರಿನ ಎಂಜಿನ್ ಆಕಾಶದಲ್ಲಿ ಕುದಿದ ಕತೆಯನ್ನು ಪಂಕ್ತಿಯ ಉದ್ದಕ್ಕೂ ಕೇಳುವಂತೆ ಹೇಳುತ್ತಾರೆ. ಭಾವ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಹೌದು ಹೌದು ಎನ್ನುತ್ತಾರೆ.

ಷರತ್ತು ಷರತ್ತೇ. ವಿಮಾನ ಕೊಡುವುದೆಂದಾಯಿತು. ಮೈಸೂರು ಕಡೆಯವರೊಬ್ಬರು ಫೋನು ಮಾಡಿದರು, ಬಂದು ನೋಡುತ್ತೇವೆ ಎಂದರು. ಭಾವ ಅಷ್ಟು ದಿನ ಪದವಿಗೆ ಹೋಗಲೇ ಇಲ್ಲ. ಮನೆಯಲ್ಲಿ ಮಿಕ್ಸಿ ರಿಪೇರಿ ಮಾಡಿದರು, ಕೆಡದೆ ಇದ್ದ ಗೋಡೆ ಗಡಿಯಾರವನ್ನೂ ಬಿಚ್ಚಿ ರಿಪೇರಿ ಮಾಡಿದರು.

ಆ ಮೈಸೂರಿನವರು ಬರುವ ಮೊದಲೇ ಒಂದು ಮಧ್ಯಾಹ್ನ ಅಕ್ಕ ನನ್ನ ಅಂಗಡಿಗೆ ಬಂದಳು. ಫೋನು ಮಾಡದೆ, ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಗಿರಾಕಿ ಹೋಗುವವರೆಗೆ ಪಂಪುಗಳ ನಡುವೆ ಸ್ಟೂಲಿನಲ್ಲಿ ಕೂತಿದ್ದಳು. ಆಮೇಲೆ ಕರವಸ್ತ್ರದ ಗಂಟು ಬಿಚ್ಚಿ ಕೌಂಟರಿನ ಮೇಲೆ ಇಟ್ಟಳು. ಕಂದಾದ ಹಿಂಗಾರದ ಕಾಳುಗಳು. ನೆನೆದು ಮತ್ತೆ ಒಣಗಿದ್ದವು.

"ಒಗೆಯುವಾಗ ಇವರ ಅಂಗಿಯ ಜೇಬಿನಲ್ಲಿ ಸಿಕ್ಕಿತು," ಎಂದಳು. "ಇದು ಎಲ್ಲಿತ್ತು?"

ನಾನು ವಾಶರ್ ಡಬ್ಬಿ ಸರಿಸಿದೆ. ಇನ್ನೊಂದು ಡಬ್ಬಿ ಸರಿಸಿದೆ.

"ಸುಳ್ಳು ಹೇಳ್ಲಿಕ್ಕೆ ಹೋಗ್ಬೇಡ, ನಿನಗೆ ಬರುವುದಿಲ್ಲ. ಆ ಬಾಯಿಯ ಒಳಗೆ ಇತ್ತಲ್ವಾ?"

"ರೇಡಿಯೇಟರಿನ ಮೇಲೆ," ಎಂದೆ.

"ಎಂಜಿನಿಗೆ ಎಂತದ್ದೂ ಆಗಿರ್ಲಿಲ್ಲ?"

"ಇಲ್ಲ."

ಅಕ್ಕ ಕಾಳುಗಳನ್ನು ಬೆರಳಿನಿಂದ ಒಟ್ಟುಗೂಡಿಸಿದಳು. ಧರ್ಮಸ್ಥಳದ ಬಸ್ಸೊಂದು ಬಂದು ಜನ ಇಳಿಸಿ ಹೋಯಿತು.

"ನಾನೇ ಅವರನ್ನು ಕೊಲ್ತಿದ್ದೆ ಗಣೇಶ," ಎಂದಳು. ಕಣ್ಣು ತುಂಬಿತ್ತು, ದನಿ ಮಾತ್ರ ಪಾಠ ಹೇಳುವ ದನಿಯೇ. "ಅವರು ಚಿಕ್ಕಪ್ಪನ ಎದುರು ಸೋತದ್ದು ನನಗೋಸ್ಕರ. ಅದು ಅವರಿಗೆ ಎಷ್ಟು ಕಷ್ಟ ಅಂತ ನಿನಗೆ ಗೊತ್ತುಂಟಾ? ಒಂದು ನಟ್ಟಿನ ವಿಷಯದಲ್ಲಿ ಕೂಡಾ ಅವರು ಸೋಲುವವರಲ್ಲ."

"ನೀನೇ ಹೇಳು ಅವರಿಗೆ."

"ಹೇಳಿದರೆ ಅವರು ಮಾಡಿದ್ದು ನೀರಿನಲ್ಲಿ ಹೋಯ್ತಲ್ಲ. ನನಗೆ ಗೊತ್ತಾಗಬಾರದು ಅಂತ ಮಾಡಿದ್ದು, ಗೊತ್ತಾಗದ ಹಾಗೇ ಇರಲಿ. ನಾನು ಬಂದದ್ದು ನೀನು ಹೇಳಬೇಡ."

ಹೀಗೆ ಒಂದೇ ಗುಟ್ಟನ್ನು ಗಂಡನ ಪರವಾಗಿ ಹೆಂಡತಿಯಿಂದಲೂ ಹೆಂಡತಿಯ ಪರವಾಗಿ ಗಂಡನಿಂದಲೂ ಕಾಯುವ ಕೆಲಸ ನನ್ನ ತಲೆಗೆ ಬಂತು. ಪಂಪು ಮಾರುವವನಿಗೆ ಇದು ಯಾಕೆ ಬೇಕಿತ್ತು ಎಂದು ಆಗ ಅನಿಸಿದ್ದುಂಟು. ಅಕ್ಕ ಕರವಸ್ತ್ರವನ್ನು ಮತ್ತೆ ಗಂಟು ಹಾಕಿ ಬ್ಯಾಗಿಗೆ ಹಾಕಿಕೊಂಡಳು. ನಾನು ತರಿಸಿದ ಲಿಂಬೆ ಶರಬತ್ತು ಕುಡಿದು, ಮುಖ ಒರೆಸಿಕೊಂಡು ಬಸ್ಸು ಹತ್ತಿದಳು.

ಸಂಜೆ ಭಾವನ ಫೋನು ಬಂತು.

"ನಿನ್ನ ಅಕ್ಕನಿಗೆ ಎಂತಾಗಿದೆ ಮಾರಾಯ? ಮೈಸೂರಿನವರಿಗೆ ಬರ್ಬೇಡಿ ಹೇಳಿ ಅಂತಾಳೆ. ಅವತ್ತು ಅರ್ಧದಲ್ಲೇ ತಿರುಗಿದಿರಿ, ನಮ್ಮ ಮನೆ ಮೇಲಿನಿಂದ ನೋಡ್ಲಿಕ್ಕೆ ಆಗ್ಲಿಲ್ಲ, ನೋಡದ್ದನ್ನು ಪ್ರಯಾಣ ಅಂತ ಲೆಕ್ಕ ಮಾಡ್ಲಿಕ್ಕಾಗುವುದಿಲ್ಲ ಅಂತಾಳೆ. ಇನ್ನೊಮ್ಮೆ ಹೋಗುವ ಅಂತೆ."

"ಅವಳು ಹೇಳಿದರೆ ಹೇಳಿದ್ದು ಭಾವ," ಎಂದೆ. "ನನಗೆಂತ ಗೊತ್ತು?"

ಭಾವ ಪದವಿಗೆ ಓಡಿದರು. ಕುದಿದ ಎಂಜಿನಿಗೆ ಒಳಗೆ ಪೆಟ್ಟಾಗಿರಬಹುದು. ಹಾಗಾಗಿ ಊರಿಂದ ಹೊರಗಿನ ತಜ್ಞರೊಬ್ಬರನ್ನು ಕರೆಸಿದರು. ಅವರು ಸಿಲಿಂಡರಿನ ತಲೆಗಳನ್ನು ಪರೀಕ್ಷಿಸಿ, ಹೋಸುಗಳನ್ನೆಲ್ಲ ಬದಲಿಸಲು ಹೇಳಿ, ಹಾರಬಹುದೆಂದು ಬರೆದುಕೊಟ್ಟರು. ಹಳೆಯ ಕೂಲೆಂಟು ಸುರಿದು ಹೊಸದು ತುಂಬಿದೆವು. ಮೂತಿಯ ಬಾಯಿಗೆ ಒಂದು ತಂತಿಯ ಜಾಲರಿ ಹಾಕಿಸುವ ಮನಸ್ಸು ಭಾವನಿಗಿತ್ತು. ಇದು ಯಾಕೆ ಎಂದು ಅಕ್ಕ ಕೇಳಿದರೆ ಏನು ಹೇಳುವುದು ಎಂದು ಬಿಟ್ಟರು. ಏನೂ ಕೆಡದಿದ್ದ ಥರ್ಮೋಸ್ಟಾಟನ್ನು ಮಾತ್ರ ಎಲ್ಲರೂ ಕಾಣುವ ಹಾಗೆ ಬದಲಿಸಿದರು. ಭಾವ ಒಬ್ಬರೇ ಎರಡು ಸಲ ಸುತ್ತು ಬಂದರು. ಸೂಜಿ ತನ್ನ ಜಾಗದಲ್ಲಿ ನಿಂತಿತ್ತು. ಈ ಸಲ ಅವರು ಅದನ್ನು ಯಾರಿಗೂ ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ತಣ್ಣನೆಯ ಬೆಳಿಗ್ಗೆ ಮತ್ತೆ ಎಲ್ಲರೂ ಪದವಿನಲ್ಲಿ ಸೇರಿದೆವು. ಹುಲ್ಲು ಆಗಲೇ ಒಣಗಿ ಬಣ್ಣ ತಿರುಗಿತ್ತು. ಆಕಾಶ ತೊಳೆದ ಹಾಗಿತ್ತು, ಮೂಡು ದಿಕ್ಕಿನಲ್ಲಿ ಘಟ್ಟ ಸ್ಪಷ್ಟವಾಗಿ ಕಾಣುತ್ತಿತ್ತು. ಅಕ್ಕ ಅದೇ ಹಸಿರು ಸೀರೆ, ಅದೇ ಶೂ. ಕೈಯಲ್ಲಿ ಹರಿವಾಣ, ಹರಿವಾಣದಲ್ಲಿ ಕುಂಕುಮ, ದೀಪ, ಒಂದು ಎಳೆ ಹಿಂಗಾರ.

ಹಿಂಗಾರ ಕಂಡದ್ದೇ ಭಾವನ ಮುಖ ನೋಡಿದೆ. ಬೇಡ ಎನ್ನಲು ಕಾರಣ ಕೊಡಬೇಕು. ಕೊಡುವ ಹಾಗಿರಲಿಲ್ಲ.

ಅಕ್ಕ ಮೂತಿಗೆ ಕುಂಕುಮ ಹಚ್ಚಿದಳು, ದೀಪ ತೋರಿಸಿದಳು. ಮೂತಿಯ ಕೆಳಗಿನ ಬಾಯಿಯನ್ನು ಒಮ್ಮೆ ಬಗ್ಗಿ ನೋಡಿದಳು. ಆಮೇಲೆ ಹರಿವಾಣ ಹಿಡಿದುಕೊಂಡು ರೆಕ್ಕೆಯನ್ನು ಬಳಸಿ ಹಿಂದಕ್ಕೆ ನಡೆದಳು, ಬಾಲದವರೆಗೂ. ಗಾಳಿ ಜೋರಿದ್ದಾಗ ವಿಮಾನವನ್ನು ನೆಲಕ್ಕೆ ಬಿಗಿಯಲು ಬಾಲದ ಅಡಿಯಲ್ಲಿ ಒಂದು ಕಬ್ಬಿಣದ ಬಳೆಯುಂಟು. ಅದಕ್ಕೆ ಹಿಂಗಾರವನ್ನು ದಾರದಲ್ಲಿ ಕಟ್ಟಿದಳು.

"ಅದೆಂತ ಮಾರಾಯ್ತಿ, ಬಾಲಕ್ಕೆ?" ಎಂದರು ಚಿಕ್ಕಪ್ಪ ಕುರ್ಚಿಯಿಂದ. "ಪೂಜೆ ಹಿಂದಿನಿಂದ ಮಾಡ್ತಾರಾ? ಮೂತಿಗೆ ಕಟ್ಟು."

"ಮೂತಿಗೆ ಬೇಡ ಚಿಕ್ಕಪ್ಪ," ಎಂದಳು ಅಕ್ಕ. "ಅದು ಉಸಿರಾಡುವ ಜಾಗ."

ಚಿಕ್ಕಪ್ಪನಿಗೆ ಏನೂ ಅರ್ಥವಾಗಲಿಲ್ಲ. ಭಾವ ನನ್ನ ಕಡೆ ತಿರುಗಿದರು. ನಾನು ಹೇಳಲಿಲ್ಲ ಎಂದು ತಲೆ ಅಲ್ಲಾಡಿಸಿದೆ. ಅದು ಅರ್ಧ ನಿಜ, ಅವಳಾಗಿಯೇ ಕಂಡುಹಿಡಿದದ್ದು. ಅವರು ಕನ್ನಡಕ ತೆಗೆದು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ಹಾರುವ ಮೊದಲಿನ ತಪಾಸಣೆಗೆ ವಿಮಾನವನ್ನು ಒಂದು ಸುತ್ತು ಬಂದರು, ಎಂದಿನಂತೆ ಪ್ರತಿಯೊಂದನ್ನೂ ಮುಟ್ಟಿ ಅಲ್ಲಾಡಿಸಿ ನೋಡುತ್ತಾ. ಈ ಸಲ ಹೊದಿಕೆಯನ್ನೂ ಬಿಚ್ಚಿ ನೋಡಿದರು. ಹೊತ್ತು ಮೀರುತ್ತದೆ ಎಂದು ಅಕ್ಕ ಹೇಳಲಿಲ್ಲ. ವಿಮಾನದ ಮೇಲೆ ಒಂದು ತುಂಡು ಟೇಪು ಅಂಟಿದ್ದರೂ ಕಿತ್ತು ಹಾಕುವ ಮನುಷ್ಯ ಅವರು. ಬಾಲದ ಹತ್ತಿರ ಬಂದಾಗ ಕೂತು, ಹಿಂಗಾರದ ಗಂಟನ್ನು ಬೆರಳಿನಿಂದ ಎಳೆದು ನೋಡಿದರು. ಗಂಟು ಗಟ್ಟಿಯಿತ್ತು. ಹಾಗೇ ಬಿಟ್ಟು ಎದ್ದರು.

"ಹೋಗುವ?" ಎಂದರು ಅಕ್ಕನಿಗೆ.

"ಹೋಗುವ," ಎಂದಳು ಅಕ್ಕ.

ಅವರು ಶಿರ್ತಾಡಿಯ ಮೇಲೆ ಎರಡು ಸುತ್ತು ಬಂದು, ಮೂಡುಬಿದಿರೆಯ ಕಡೆಗೂ ಹೋಗಿ ನೋಡಿ, ನಿಧಾನವಾಗಿ ಇಳಿದು ಬಂದರು. ರೇಡಿಯೋದಲ್ಲಿ ನನಗೆ ಕೇಳಿದ್ದು ಅಕ್ಕನ ದನಿ ಮಾತ್ರ, ನಮ್ಮ ಬಾವಿ ಇಷ್ಟು ಸಣ್ಣದಾ, ನಮ್ಮ ಬಾವಿ ಇಷ್ಟು ಸಣ್ಣದಾ ಎಂದು. ವಿಮಾನ ನಿಂತ ಮೇಲೆ ನಾನು ಬೆಂಕಿ ಆರಿಸುವ ಸಿಲಿಂಡರನ್ನು ಕೆಳಗಿಟ್ಟು ಬಾಲದ ಕಡೆ ಹೋಗಿ ನೋಡಿದೆ. ದಾರ ಇತ್ತು, ಎಳೆ ಇತ್ತು, ಹೂಗಳು ಇರಲಿಲ್ಲ. ಎಲ್ಲ ಉದುರಿದ್ದವು, ಅಕ್ಕನ ಮನೆಯ ಮೇಲೋ, ಶಾಲೆಯ ಮೇಲೋ, ಅಲ್ಲೇ ಎಲ್ಲಾದರೂ.